ಒಂಬತ್ತರ ತೂತು

ನಾನು ಶಾಲೆ ಬಿಟ್ಟದ್ದು ೧೯೮೬ರಲ್ಲಿ, ಏಳನೇ ತರಗತಿಗೆ. ಮೊನ್ನೆ ಗುಜರಿ ಅಂಗಡಿಯಿಂದ ಹಳೆಯ ಕರಿ ಫೋನೊಂದನ್ನು ತಂದು ಅದರ ತಣ್ಣನೆಯ ಡಯಲಿಗೆ ಬೆರಳಿಟ್ಟಾಗ ಆ ವರ್ಷದ ಒಂದು ಮಧ್ಯಾಹ್ನ ನೆನಪಾಯಿತು.

ಟಿ.ಬಿ. ಡ್ಯಾಂ ಕ್ವಾರ್ಟರ್ಸಿನ ಅತ್ತೆಯ ಮನೆಗೆ ಹೋಗಿದ್ದೆ. ಅತ್ತೆಯ ಮಗ ಶೀನನಿಗೆ ನನ್ನದೇ ವಯಸ್ಸು. ಆದರೆ ಅವನ ಮನೆಯಲ್ಲಿ ಫೋನಿತ್ತು, ಅವನು ಅದನ್ನು ದಿನಾ ಮುಟ್ಟುತ್ತಿದ್ದ. ನನ್ನಪ್ಪ ಹೊಸಪೇಟೆಯ ಅಕ್ಕಿ ಗಿರಣಿಯಲ್ಲಿ ಹಮಾಲಿ.

"ನಿಮ್ಮಪ್ಪಗ ನೀನ ಫೋನ್ ಹಚ್ಚಪ್ಪ, ಬಂದು ಮುಟ್ಟೀನಿ ಅಂತ ಹೇಳು," ಎಂದಳು ಅತ್ತೆ.

ಗಿರಣಿಯ ನಂಬರು ಒಂಬತ್ತರಿಂದ ಶುರು. ಒಂಬತ್ತರ ತೂತಿಗೆ ಬೆರಳು ಹಾಕಿ ಕೊನೆಯವರೆಗೆ ತಿರುಗಿಸಿದೆ. ಆಮೇಲೆ ಅಷ್ಟೇ ಬಲ ಹಾಕಿ ಹಿಂದಕ್ಕೂ ತಳ್ಳಿದೆ. ತಿರುಗಿಸಿದವನೇ ವಾಪಸು ತಂದು ನಿಲ್ಲಿಸಬೇಕು ಎಂದುಕೊಂಡಿದ್ದೆ. ಉಳಿದ ಅಂಕಿಗಳನ್ನೂ ಹಾಗೆಯೇ ತಳ್ಳಿದೆ. ಯಾರೋ ಹೆಂಗಸು "ರಾಂಗ್ ನಂಬರ್ ರೀ" ಎಂದು ಇಟ್ಟರು.

"ಕೈ ಬಿಡಲೇ ಮಬ್ಬಾ, ಅದು ತಾನ ಬರ್ತೈತಿ!" ಶೀನ ಬಿದ್ದು ಬಿದ್ದು ನಕ್ಕ. ಅತ್ತೆಯೂ ಸೆರಗು ಬಾಯಿಗಿಟ್ಟು ನಕ್ಕಳು.

ಅವನು ಕಿರುಬೆರಳಲ್ಲಿ ತಿರುಗಿಸಿ ಬಿಟ್ಟ. ಡಯಲು ಗಿರ್ರನೆ ವಾಪಸು ಬಂತು. ಗಿರಣಿಯವರು ಅಪ್ಪನನ್ನು ಕರೆದರು, ಶೀನ ತನ್ನ ಹೆಸರು ಹೇಳಿದ. ಗಿರಣಿಯಲ್ಲಿ ಕೂಗಿ ಕೂಗಿ ದೊಡ್ಡದಾದ ಅಪ್ಪನ ದನಿ ನನಗೂ ಕೇಳಿತು.

"ನೀನ ಹಚ್ಚಿದ್ಯೇನೋ ಶೀನಾ? ಭಾಳ ಶಾಣ್ಯಾ ಅದೀ ನೋಡಪ್ಪ!"

ಆ ಮಾತನ್ನು ಅಪ್ಪ ನನಗೆ ಒಮ್ಮೆಯೂ ಹೇಳಿರಲಿಲ್ಲ. ರಿಸೀವರ್ ನನ್ನ ಕೈಗೆ ಬರುವಷ್ಟರಲ್ಲಿ ಅಪ್ಪ ಫೋನ್ ಇಟ್ಟುಬಿಟ್ಟಿದ್ದ.

ಈಗ ನನಗೆ ಎರಡು ಟ್ರ್ಯಾಕ್ಟರ್, ಒಂದು ಮನೆ, ಎಮ್ಮಿಗನೂರಿನಲ್ಲಿ ಮೂರು ಎಕರೆ ಗದ್ದೆ ಇವೆ. ಎಲ್ಲವನ್ನೂ ತಳ್ಳಿಯೇ ತಂದದ್ದು; ತಾನಾಗಿ ಬರುವುದು ಈ ಡಯಲು ಒಂದೇ.