ಪಕ್ಕದ ಮನೆಯ ಸರ್ಟಿಫಿಕೇಟು

“ಯಾರು, ನಮ್ಮ ಪಕ್ಕದ ಮನೆಯ ಝೀಟಾಳಾ? ಹುಡುಗಿ ಒಳ್ಳೆಯವಳೇ, ಅಲ್ಲ ಅನ್ನುವುದಿಲ್ಲ. ಆದರೆ…”

ಇಷ್ಟು ಹೇಳಿ ಗುಮಾಸ್ತ ಕಜೆಟನ್ ಕತ್ತನ್ನು ಒಂದು ಪಕ್ಕಕ್ಕೆ ವಾಲಿಸಿ, ಇಲ್ಲದ ಸೆರಗಿನಿಂದ ಬಾಯಿ ಒರೆಸಿಕೊಂಡ. ಮೇಜಿನ ಈಚೆ ಕುಳಿತಿದ್ದ ಝೀಟಾ ತಟ್ಟನೆ ತಲೆ ಎತ್ತಿದಳು. ಮೀಸೆ ಕಜೆಟನನದು, ದನಿ ಸಾಕ್ಷಾತ್ ಪಕ್ಕದ ಮನೆಯ ಕಾನ್ಸೆಪ್ಟಾಬಾಯಿಯದು! ಕೊಂಕಣಿಯಲ್ಲಿ ಕೇಳಿದ್ದನ್ನು ಅವನು ಕನ್ನಡಕ್ಕೆ ಇಳಿಸಿದ್ದ. ದನಿಯನ್ನು ಮಾತ್ರ ಒಂದು ಎಳೆಯಷ್ಟೂ ಇಳಿಸಿರಲಿಲ್ಲ.

ಮಣಿಪಾಲದ ಆ ಹಾಸ್ಟೆಲಿಗೆ ಒಬ್ಬ ಸ್ಟೋರ್ ಕೀಪರ್ ಬೇಕಾಗಿತ್ತು. ಮ್ಯಾನೇಜರ್ ಕರುಣಾಕರ ಹೆಗ್ಡೆಯವರದು ಎರಡೇ ನಿಯಮ. ಕೆಲಸ ಕೇಳಿ ಬಂದವರ ಊರಿಗೆ ಕಜೆಟನನನ್ನು ಕಳಿಸಿ, ಕೆಲಸದ ಸುದ್ದಿಯೇ ಎತ್ತದೆ ನಡತೆ ವಿಚಾರಿಸುವುದು. ಬೆನ್ನ ಹಿಂದೆ ಕೇಳಿದ್ದನ್ನು ಅವರ ಮುಖದ ಮುಂದೆಯೇ ಹೇಳಿಸುವುದು. ಹಾಗೆ ಕಜೆಟನ್ ಕಪ್ಪು ಕೋಟು ತೊಟ್ಟು, ಕೊಡೆಯನ್ನು ತೋಳಿಗೆ ತೂಗುಹಾಕಿ ಝೀಟಾಳ ಊರಾದ ಕಲ್ಯಾಣಪುರಕ್ಕೆ ಹೋಗಿದ್ದ. ಕಪ್ಪು ಕೋಟು, ಕೊಡೆ, ಮದುವೆಯ ಪ್ರಾಯದ ಹುಡುಗಿಯ ವಿಚಾರಣೆ. ಮೂರೂ ಕೂಡಿದರೆ ಆ ಊರಿನಲ್ಲಿ ಅರ್ಥ ಒಂದೇ: ಬಂದವನು ಗಂಡಿನ ಕಡೆಯವನು!

ಝೀಟಾಳಿಗೆ ಎಲ್ಲವೂ ಹೊಳೆದುಹೋಯಿತು. ಕಾನ್ಸೆಪ್ಟಾಬಾಯಿಗೆ ಹೆಸರಿನಲ್ಲೊಂದು ಬಾಯಿ, ಮುಖದಲ್ಲೊಂದು ಬಾಯಿ. ಮನೆಯಲ್ಲಿ ಮದುವೆಯಾಗದ ಮಗಳು ಆನಿ. ಝೀಟಾಳಿಗೆ ಬಂದ ಎರಡು ಸಂಬಂಧಗಳು ಆ ಅಂಗಳ ದಾಟುವ ಮೊದಲೇ ಮುರಿದುಬಿದ್ದಿದ್ದವು. ಈಗ ಕೆಲಸವೂ ಹೋಯಿತು. ಬೊಂಬಾಯಿಯ ದೊಡ್ಡಪ್ಪನ ಕಾಗದ ಮೊನ್ನೆಯೇ ಬಂದಿತ್ತು: ಕೆಲಸ ಸಿಗದಿದ್ದರೆ ಸೋಮವಾರವೇ ಹೊರಟು ಬರಬೇಕು, ಹನ್ನೊಂದು ಜನರ ಅಡುಗೆಗೆ ಕೈ ಸಾಲದು. ಬೇಯಿಸಿದ ಕೈಗೆ ಅಲ್ಲಿ ಸಂಬಳವಿಲ್ಲ, ಎಂಜಲು ಪಾತ್ರೆ ಮಾತ್ರ.

“ಆದರೆ ಎಂತ?” ಎಂದರು ಹೆಗ್ಡೆಯವರು.

“ಆದರೆ ಹೆಣ್ಣಿಗೆ ಇಷ್ಟು ಕಣ್ಣು ಇರಬಾರದು ಮಾರಾಯ್ರೇ,” ಕಜೆಟನ್ ಮತ್ತೆ ಕಾನ್ಸೆಪ್ಟಾಬಾಯಿಯಾದ. “ಅಂಗಡಿಯ ಸಿಲ್ವೆಸ್ಟರ್ ಹೊಸ ಕಿಲೋ ಕಲ್ಲಿಟ್ಟು ಸಕ್ಕರೆ ತೂಗಿ ಕೊಟ್ಟ. ಇವಳು ಅದನ್ನು ಸೀದಾ ಪೋಸ್ಟಾಫೀಸಿಗೆ ಒಯ್ದು ಪಾರ್ಸೆಲಿನ ತಕ್ಕಡಿಯಲ್ಲಿ ತೂಗಿಸಿದಳು! ಪಾಪ, ತೂಕ ಕಡಿಮೆ ಬಿದ್ದ ನಾಚಿಕೆಗೆ ಸಿಲ್ವೆಸ್ಟರ್ ಈಗ ಭಾನುವಾರದ ಪೂಜೆಗೆ ಇಗರ್ಜಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತುಕೊಳ್ಳುವುದು.”

ಹೆಗ್ಡೆಯವರು ಕಾಗದದ ಮೇಲೆ ಏನೋ ಗೀಚಿದರು. ಝೀಟಾ ಕತ್ತು ನೀಡಿದಳು, ಕಾಣಲಿಲ್ಲ.

“ಮೀನಿನವಳು ಬಂದರೆ ಬುಟ್ಟಿಯ ಮೇಲಿನ ಬಂಗುಡೆ ಇವಳಿಗೆ ಬೇಡ. ತಳಕ್ಕೆ ಕೈಹಾಕಿ ತೆಗೆದು, ಕಿವಿರು ಎತ್ತಿ ನೋಡುವುದು. ಒಮ್ಮೆ ಇಡೀ ಬುಟ್ಟಿಯೇ ವಾಪಸ್! ಹಾಲಿನವನು ಇವಳ ಮನೆ ಬಂತೆಂದರೆ ಶಿಲುಬೆಯ ಗುರುತು ಹಾಕಿಕೊಳ್ತಾನೆ. ಅವನು ಕ್ರಿಸ್ತುವನೂ ಅಲ್ಲ! ಒಂದು ಎಸಳು ಕರಿಬೇವು ಕೇಳಿದರೂ ‘ಯಾಕೆ, ನಿನ್ನೆಯದು ಎಂತ ಆಯಿತು?’ ಅಂತ ಕೇಳಿಯೇ ಕೊಡುವುದು. ಕಟ್ಟಿಕೊಂಡವನ ಗತಿ ಎಂತ ಹೇಳಿ? ಅದೇ ನಮ್ಮ ಆನಿಯನ್ನು ನೋಡಿ, ಬಾಯಲ್ಲಿ ಬೆರಳಿಟ್ಟರೂ ಕಚ್ಚುವವಳಲ್ಲ…”

ಕಜೆಟನ್ ಸೆರಗು ಬಿಟ್ಟು ಮೀಸೆಗೆ ಮರಳಿದ. ಹೆಗ್ಡೆಯವರು ಕನ್ನಡಕ ತೆಗೆದು ಝೀಟಾಳನ್ನು ದಿಟ್ಟಿಸಿದರು.

“ಇದೆಲ್ಲ ನಿಜವಾ ಅಮ್ಮ?”

ಝೀಟಾ ಎದ್ದು ನಿಂತಳು. ಹೇಗೂ ಹೋಗುವ ಕೆಲಸ, ಲೆಕ್ಕ ತಪ್ಪಿ ಹೋಗುವುದು ಬೇಡ.

“ಒಂದು ಸುಳ್ಳುಂಟು ಸರ್. ಮೀನಿನ ಬುಟ್ಟಿ ವಾಪಸ್ ಕಳಿಸಿದ್ದು ಒಂದು ಸಲ ಅಲ್ಲ. ಮೂರು ಸಲ.”

ಹೆಗ್ಡೆಯವರು ನಕ್ಕ ನಗೆಗೆ ಮೇಜಿನ ಮೇಲಿದ್ದ ಶಾಯಿ ಕುಡಿಕೆ ಅಲುಗಾಡಿತು. “ಹಿಂದಿನ ಸ್ಟೋರ್ ಕೀಪರನನ್ನು ಊರಿಡೀ ಹೊಗಳಿತ್ತು ಅಮ್ಮ. ಯಾರು ಎಂತ ಕೇಳಿದರೂ ‘ಇಲ್ಲ’ ಅನ್ನದ ಮನುಷ್ಯ ಅಂತ. ಅವನು ಇಲ್ಲ ಅನ್ನಲಿಲ್ಲ, ಈಗ ಉಗ್ರಾಣದಲ್ಲಿ ಏನೂ ಇಲ್ಲ! ನಾಳೆಯಿಂದಲೇ ಬನ್ನಿ. ಕಜೆಟನ್, ಬೀಗದ ಕೈ ಇವರಿಗೆ ಕೊಡಿ.”

ಸಂಜೆ ಬೀಗದ ಕೈಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಿಸ್ಕತ್ತಿನ ಪೊಟ್ಟಣ ಹಿಡಿದು ಝೀಟಾ ನೇರ ಪಕ್ಕದ ಅಂಗಳಕ್ಕೆ ಹೋದಳು. “ನಿಮ್ಮ ಮಾತಿನಿಂದಲೇ ಮಣಿಪಾಲದಲ್ಲಿ ಕೆಲಸ ಸಿಕ್ಕಿತು ಬಾಯಿ. ಮೊನ್ನೆ ಕೊಡೆ ಹಿಡಿದು ಬಂದವರು ಆ ಹಾಸ್ಟೆಲಿನವರು.”

ಕಾನ್ಸೆಪ್ಟಾಬಾಯಿಯ ಮುಖ ಬಿಳಿಚಿತು, ಕೆಂಪಾಯಿತು, ಕೊನೆಗೆ ನಕ್ಕಿತು. “ಮತ್ತೆಂತ? ನಾನು ಹೊಗಳದೆ ನಿನ್ನನ್ನು ಯಾರು ಹೊಗಳುವುದು?” ಎಂದು ಒಂದು ಬಿಸ್ಕತ್ತು ಎತ್ತಿಕೊಂಡರು. “ನಮ್ಮ ಆನಿಗೂ ಕಾಪುವಿನಿಂದ ಒಂದು ಸಂಬಂಧ ಬಂದುಂಟು. ಈ ವಾರ ವಿಚಾರಿಸಲಿಕ್ಕೆ ಬರ್ತಾರಂತೆ.”

“ಹೌದಾ? ಎಲ್ಲಿ ವಿಚಾರಿಸ್ತಾರೆ?”

“ಎಲ್ಲಿ ಅಂದರೆ… ಪಕ್ಕದ ಮನೆ…”

ಬಿಸ್ಕತ್ತು ತುಟಿಯ ತನಕ ಹೋಗಿ ಅಲ್ಲೇ ನಿಂತಿತು. ಝೀಟಾ ಸೊಂಟದ ಗೊಂಚಲನ್ನು ಒಮ್ಮೆ ಝಣಿಸಿ, ನಗುತ್ತಾ ಮನೆಗೆ ಬಂದಳು.

ಮರುದಿನ ಬೆಳಿಗ್ಗೆ ಎರಡು ಮನೆಗಳ ನಡುವಿನ ಕಲ್ಲಿನ ಗೋಡೆಯ ಮೇಲೆ ಕಾನ್ಸೆಪ್ಟಾಬಾಯಿಯ ಹಿತ್ತಲಿನ, ಹಲಸಿನಂಥ ಭಾರೀ ಗಾತ್ರದ ಒಂದು ಜೀಗುಜ್ಜೆ ಕಾಯಿ ಕುಳಿತಿತ್ತು, ಜೊತೆಗೆ ಒಂದು ಕಟ್ಟು ಕರಿಬೇವು. ಝೀಟಾ ಜೀಗುಜ್ಜೆಯನ್ನು ಎತ್ತಿದಳು, ತಿರುಗಿಸಿದಳು, ಬೆರಳಿನಿಂದ ತಟ್ಟಿ ಕಿವಿಯಿಟ್ಟು ಕೇಳಿದಳು. ಆಮೇಲೆಯೇ ಒಳಗೆ ಒಯ್ದಳು.