ಎಂಟರ್ ಮೇಲೆ ಹಿಡಿದ ಮುಚ್ಚಳ

ಸ್ಲೇಟಿಗೆ ಉಜ್ಜುತ್ತಿದ್ದ ತೊಂಡೆಸೊಪ್ಪಿನ ಹಸಿ ವಾಸನೆ ಶಾಂತಮ್ಮನಿಗೆ ಇದ್ದಕ್ಕಿದ್ದಂತೆ ನೆನಪಾಯಿತು. ಚಿಕ್ಕಂದಿನಲ್ಲಿ ಹೆಮ್ಮಿಗೆ ಊರಿನ ಶಾಲೆಯಲ್ಲಿ ತಪ್ಪು ಬರೆದರೆ ಒರೆಸಬಹುದಿತ್ತು. ನಂಜನಗೂಡಿನ ಕಾಲೇಜಿನ ಈ ಕಂಪ್ಯೂಟರಿನಲ್ಲಿ ಹಾಗಿಲ್ಲ. ಆನ್‌ಲೈನ್ ತರಬೇತಿಯ ಪರೀಕ್ಷೆಗೆ ಮೂರೇ ಅವಕಾಶ; ಎರಡು ಆಗಲೇ ಹೋಗಿದ್ದವು. ಇವತ್ತು ಪಾಸಾಗದಿದ್ದರೆ ಹಂಗಾಮಿ ಟೈಪಿಸ್ಟ್ ಕೆಲಸವೂ ಹೋದಂತೆಯೇ.

ಟೈಪ್‌ರೈಟರಿನಲ್ಲಿ ಸಾಲು ಮುಗಿದ ಕೂಡಲೇ ಹಿಡಿಕೆ ತಳ್ಳಿ ಇಪ್ಪತ್ತೆರಡು ವರ್ಷ ಪಳಗಿದವಳು ಇಲ್ಲಿ ಸಾಲು ಮುಗಿದ ಕೂಡಲೇ ಎಂಟರ್ ಒತ್ತಿಬಿಡುತ್ತಿದ್ದಳು. ಎರಡು ಸಲವೂ ಅರ್ಧ ಬರೆದ ಪತ್ರವೇ ಉತ್ತರವಾಗಿ ಹೊರಟುಹೋಗಿತ್ತು.

"ನನ್ ಕೈನೇ ನನ್ ಮಾತು ಕೇಳ್ತಿಲ್ವಲ್ಲ, ಕೆಂಪಯ್ಯ!" ಕಣ್ಣು ತುಂಬಿ ಪರದೆ ಮಂಜಾಯಿತು.

ಬಾಗಿಲ ಬಳಿ ಊಟದ ಡಬ್ಬಿ ಬಿಚ್ಚುತ್ತಿದ್ದ ಅಟೆಂಡರ್ ಕೆಂಪಯ್ಯ ಎದ್ದು ಬಂದ. ಸ್ಟೀಲ್ ಮುಚ್ಚಳವನ್ನು ಎಂಟರ್ ಕೀಗೆ ತಾಕದಂತೆ ಅದರ ಮೇಲೆ ಅಡ್ಡ ಹಿಡಿದ. "ನೀವು ಟೈಪ್ ಒಡೀರಿ, ಶಾಂತಮ್ಮೋರೆ. ಈ ಕಳ್ಳನ್ನ ನಾ ಇಡ್ಕತೀನಿ."

ಸಾಲು ಮುಗಿದಾಗಲೆಲ್ಲ ಬೆರಳು ಮುಚ್ಚಳಕ್ಕೆ ಬಡಿದು, ಹಳೆಯ ಟೈಪ್‌ರೈಟರಿನ ಗಂಟೆಯಂತೆ ಟಿಣ್ ಎಂದಿತು. ಹನ್ನೊಂದು ಸಲ. ಪೂರ್ತಿ ಪತ್ರವನ್ನು ಮೌಸ್ ಒತ್ತಿ ಕಳಿಸಿದಳು. ಪರದೆಯಲ್ಲಿ 'ತೇರ್ಗಡೆ' ಎಂದು ಮೂಡಿತು. ಬೆಳಗಿನಿಂದ ಅವಳು ಏನೂ ತಿಂದಿರಲಿಲ್ಲ. ಕೆಂಪಯ್ಯ ಮುಚ್ಚಳವನ್ನು ಒರೆಸಿ, ಅದರಲ್ಲಿ ಅರ್ಧ ಮುದ್ದೆ, ಸೊಪ್ಪಿನ ಪಲ್ಯ ಇಟ್ಟು, ಅವಳ ಕೈಗೆ ಕೊಟ್ಟ.