ಹುಳದ ಹೆಪ್ಪು

ಬೇಲಿಯ ಕಂಡಿಯಲ್ಲಿ ಮೊದಲು ಹ್ಯಾಟೆಕೋಳಿ ನುಸುಳಿತು. ಅದರ ಹಿಂದೆ ಮರಿಗಳು ಸಾಲುಗಟ್ಟಿ ನುಸುಳಿ ಪಕ್ಕದ ಮನೆಯ ಕಾಟಮ್ಮನ ಹಿತ್ತಿಲು ಸೇರಿದವು. ಚಂದ್ರಕ್ಕ ಮೊರದ ತುಂಬ ನುಚ್ಚು ಹಿಡಿದು 'ಬಾ ಬಾ' ಎಂದು ಕರೆದದ್ದೇ ಬಂತು, ಒಂದೂ ತಿರುಗಿ ನೋಡಲಿಲ್ಲ.

ಸಂಜೆಯ ಬಸ್ಸಿಗೆ ಅತ್ತೆ ಏಕಾಂತಮ್ಮ ಬರುವವಳಿದ್ದಳು. ಮಗಳ ಬಾಣಂತನಕ್ಕೆ ಹಿರಿಯೂರಿಗೆ ಹೊರಟಾಗ ಹೊಸ ಸೊಸೆಗೆ ಹೇಳಿ ಹೋಗಿದ್ದಳು: "ಮನೆ ಹೆಂಗಾದ್ರೂ ಇರ್ಲಿ, ಕೋಳಿ ಚೆಂದಾಗಿ ನೋಡ್ಕ. ಒಲೆಗೆ ಕೆಂಡ ಬೇಕಾದ್ರೂ ಆ ಕಾಟಿ ಮನೆ ಕಡೆ ಕಾಲಿಡಬ್ಯಾಡ." ಇಬ್ಬರೂ ಯಾವುದೋ ಮೊಟ್ಟೆಯ ಜಗಳಕ್ಕೆ ಮಾತು ಬಿಟ್ಟವರು. ಬಿಟ್ಟು ಎಷ್ಟು ಮಳೆಗಾಲ ಕಳೆಯಿತೋ ಹರಿಯಬ್ಬೆ ಊರಿನಲ್ಲಿ ಯಾರಿಗೂ ನೆನಪಿಲ್ಲ.

ಚಂದ್ರಕ್ಕ ತವರಿನಲ್ಲಿ ಕಸಬರಿಗೆಗೆ ಹೆಸರಾದವಳು. ಬಂದವಳೇ ಹೊಂಗೆ ಮರದ ಕೆಳಗೆ ಬಿದ್ದ ಎಲೆಯನ್ನೆಲ್ಲ ದಿನಾ ಗುಡಿಸಿ ಬೆಂಕಿಗೆ ಹಾಕಿ, ಸಗಣಿ ಸಾರಿಸಿ, ಹಿತ್ತಿಲನ್ನು ಕಣದ ಹಾಗೆ ಮಾಡಿಟ್ಟಿದ್ದಳು. ಕೋಳಿಗಳು ಆ ನೆಲವನ್ನು ಕೆರೆದು ಕೆರೆದು ಉಗುರು ಸವೆಸಿಕೊಂಡವು. ಆಮೇಲೆ ಬೇಲಿ ದಾಟಿದವು, ಮೊಟ್ಟೆಯನ್ನೂ ಅಲ್ಲೇ ಇಡತೊಡಗಿದವು. ಅಲ್ಲಿ ತರಗೆಲೆ ಬಿದ್ದಿದೆ, ಇಲ್ಲಿಲ್ಲ ಎಂಬುದು ಚಂದ್ರಕ್ಕನಿಗೆ ಹೊಳೆಯದೆ ಇರಲಿಲ್ಲ. ನಿನ್ನೆ ಗುಡ್ಡದ ಬುಡಕ್ಕೆ ಹೋಗಿ, ಸರ್ಕಾರದವರು ನೆಟ್ಟ ನೀಲಗಿರಿ ತೋಪಿನಿಂದ ಎರಡು ಬುಟ್ಟಿ ಒಣ ಎಲೆ ಹೊತ್ತು ತಂದು ಸುರಿದಿದ್ದಳು. ಹ್ಯಾಟೆ ಒಂದು ಸಲ ಕೆದರಿ, ತಲೆ ಕೊಡವಿ, ಬಂದ ದಾರಿ ಹಿಡಿಯಿತು. ಗಂಡ ಉಣ್ಣಲು ಕೂತವನು ಮೂಗರಳಿಸಿ, "ಯಾರಿಗೆ ನೆಗಡಿ ಆಗೈತೆ?" ಎಂದು ಕೇಳಿದ.

ಇನ್ನು ತಡೆಯಲಾರದೆ ಅವಳು ಸೆರಗು ಸಿಕ್ಕಿಸಿಕೊಂಡು ಕಾಟಮ್ಮನ ಹಿತ್ತಿಲಿಗೇ ನಡೆದಳು.

"ಏನ್ ಹಾಕಿ ನಮ್ಮ ಕೋಳಿ ಮರುಳು ಮಾಡ್ಕಂಡಿದೀರಿ ಕಾಟಮ್ಮತ್ತೆ?"

"ಒಂದು ಕಾಳೂ ಹಾಕಿಲ್ಲ ಕಣಮ್ಮ. ನಿಮ್ಮತ್ತೆ ಕೋಳಿಗೆ ನಾನ್ಯಾಕೆ ಹಾಕ್ಲಿ," ಎಂದಳು ಕಾಟಮ್ಮ, ಎಲೆಯಡಿಕೆ ಜಗಿಯುತ್ತ. "ಬಾ ಇಲ್ಲಿ, ಕುಂತ್ಕ. ಕೈ ಇಕ್ಕಬ್ಯಾಡ, ಚೇಳೂ ಇರ್ತವೆ."

ಕಾಟಮ್ಮ ಕಡ್ಡಿಯಿಂದ ತರಗಿನ ಒಂದು ಪದರ ಎತ್ತಿದಳು. ಮೇಲೆ ಗರಿಗರಿ ಒಣಗಿದ್ದ ಎಲೆ, ಕೆಳಗೆ ಕಾಫಿಪುಡಿಯ ಬಣ್ಣದ ಒದ್ದೆ. ಅಲ್ಲೊಂದು ಊರೇ ಎದ್ದು ಓಡಿತು. ಮುಟ್ಟಿದರೆ ಚಕ್ಕುಲಿಯಂತೆ ಸುತ್ತಿಕೊಳ್ಳುವ ಸಾವಿರ ಕಾಲಿನ ಹುಳ, ಗೆದ್ದಲು, ಬೆಲ್ಲದ ಬಣ್ಣದ ಇರುವೆ, ಹಿಂಬದಿಗೆ ಮೊಟ್ಟೆಯ ಗಂಟು ಅಂಟಿಸಿಕೊಂಡ ಜೇಡ, ಹಾಲಿನಂಥ ಗೊಣ್ಣೆಹುಳ. ಚಂದ್ರಕ್ಕ ಒಂದು ಬೂದು ಹುಳವನ್ನು ಕಡ್ಡಿಯಲ್ಲಿ ಮುಟ್ಟಿದಳು. ಅದು ಗುಂಡಗೆ ಮಣಿಯಾಗಿ ಉರುಳಿ ಅವಳ ಕಾಲುಂಗುರಕ್ಕೆ ತಾಗಿ ನಿಂತಿತು. ಜಗಳಕ್ಕೆ ಬಂದವಳು ನಕ್ಕುಬಿಟ್ಟಳು.

"ನಾನೂ ತರಗು ತಂದು ಸುರಿದೆ ಅತ್ತೆ. ಒಂದ್ ಕೋಳೀನೂ ನಿಲ್ಲಲಿಲ್ಲ."

"ಯಾವ್ದು ತಂದೆ?"

"ನೀಲಗಿರಿದು."

ಕಾಟಮ್ಮ ನಕ್ಕ ರಭಸಕ್ಕೆ ಬಾಯಲ್ಲಿದ್ದ ಎಲೆಯಡಿಕೆ ಆಚೆ ಬಿತ್ತು. "ಬರೀ ಖಾರದಪುಡಿ ಉಣ್ಣಾಕಿಕ್ಕೋ ಮನೆಗೆ ಯಾರ್ ಬರ್ತಾರೆ ಹುಡುಗಿ? ಇದು ಗುಡ್ಡದ ಹಳ್ಳದ್ದು, ಗಾಳಿ ತಂದು ತುಂಬಿದ್ದು, ಎಲ್ಲಾ ಮರದ್ದೂ ಐತೆ. ಹೊಂಗೆ ಎಲೆ ಬಿರ್ರನೆ ಕೊಳೀತೈತೆ, ಅದನ್ನ ತಿನ್ನೋವು ಬ್ಯಾರೆ. ಆಲದೆಲೆ ದಪ್ಪ, ಅದರಡೀಲಿ ಮಲಗೋವು ಬ್ಯಾರೆ. ಇವನ್ನ ಹಿಡಿಯಾಕೆ ಜೇಡ ಬರ್ತವೆ. ಕೆಳಗೆ ತಂಪಿದ್ರೆ ಯಾರೂ ಮನೆ ಬಿಟ್ಟು ಹೋಗಲ್ಲ."

ದಿನಾ ಮುಂಜಾನೆ ತಾನು ಇಂಥದ್ದೊಂದು ಊರಿಗೇ ಬೆಂಕಿ ಇಡುತ್ತಿದ್ದೆನಲ್ಲ ಎಂದು ಚಂದ್ರಕ್ಕ ನಾಲಿಗೆ ಕಚ್ಚಿಕೊಂಡಳು. ಅಷ್ಟರಲ್ಲಿ ಬಸ್ಸು ನೆನಪಾಯಿತು.

"ಸಾಯಂಕಾಲ ಅತ್ತೆ ಬರ್ತಾರೆ. ಕೋಳಿ ನಿಮ್ಮನೇಲಿರೋದು ಕಂಡ್ರೆ, ಅದೇ ಬಸ್ಸಿಗೆ ನನ್ನ ತವರಿಗೆ ಹತ್ತಿಸ್ತಾರೆ."

"ಹೆಪ್ಪು ಕೇಳಿದ್ರೆ ಇಲ್ಲ ಅಂದೇನಾ? ತಳದ್ದು ಎರಡು ಬುಟ್ಟಿ ತಗಂಡೋಗು. ಹೊಂಗೆ ಕೆಳಗೆ ಹರಡಿ ಬಚ್ಚಲ ನೀರು ಅತ್ತ ತಿರುಗ್ಸು. ಮೇಲಿಂದ ಉದುರೋ ಎಲೆ ಮುಟ್ಟಬ್ಯಾಡ. ಹಾಲಿಗೆ ಹೆಪ್ಪು ಬಿಟ್ಟಂಗೆ, ಮಿಕ್ಕಿದ್ದು ಅವೇ ಮಾಡ್ಕಂತವೆ. ಜಲ್ದಿ ಮಾಡು. ದೀಪ ಹಚ್ಚಿದ ಮ್ಯಾಲೆ ಹೆಪ್ಪು ಕೊಡಂಗಿಲ್ಲ."

ಬಸ್ಸಿಳಿದ ಏಕಾಂತಮ್ಮ ಮನೆಯೊಳಗೂ ಹೋಗದೆ ನೇರ ಹಿತ್ತಿಲಿಗೆ ಬಂದಳು. ಹೊಂಗೆಯ ಕೆಳಗೆ ಎಲೆ ಎಗರಾಡುತ್ತಿತ್ತು. ಹ್ಯಾಟೆ ಕೆದರಿ ಕೊಕ್ಕೊಕ್ಕೊ ಎಂದು ಕರೆದರೆ ಮರಿಗಳು ಬಿದ್ದೆದ್ದು ಓಡಿ ಬರುತ್ತಿದ್ದವು. ಅವುಗಳ ನಡುವೆ ಕಾಟಮ್ಮನ ಕೆಂಪು ಹುಂಜವೂ ತನ್ನ ಮನೆಯೇ ಎಂಬಂತೆ ಕೆದರುತ್ತಿತ್ತು.

"ನಮ್ಮ ಹಿತ್ತಿಲಾಗೆ ಆಲದೆಲೆ ಎಲ್ಲಿಂದ ಬಂತೇ?"

ಚಂದ್ರಕ್ಕ ಖಾಲಿ ಬುಟ್ಟಿಯನ್ನು ಬೆನ್ನ ಹಿಂದೆ ಸರಿಸಿದಳು. "ಹೆಪ್ಪು ಇಸ್ಕಂಡೆ ಅತ್ತೆ. ಕಾಟಮ್ಮತ್ತೆ ಹತ್ರ."

ಒಂದು ಪಿಳ್ಳೆಮರಿ ತನಗಿಂತ ಉದ್ದದ ಎರೆಹುಳ ಎಳೆದುಕೊಂಡು ಏಕಾಂತಮ್ಮನ ಕಾಲ ಸಂದಿಯಲ್ಲೇ ಓಡಿತು, ಉಳಿದವು ಅದರ ಹಿಂದೆ ಬಿದ್ದವು. ಬಿಗಿದ ತುಟಿಯಲ್ಲಿ ಎಷ್ಟು ಹಿಡಿದರೂ ನಗು ನಿಲ್ಲಲಿಲ್ಲ. ಬೇಲಿಯಾಚೆ ಕಾಟಮ್ಮ ಬೆನ್ನು ಮಾಡಿ ನಿಂತು, ಒಣಗದ ಸೀರೆಯನ್ನು ಮಡಿಸುತ್ತಿದ್ದಳು.

"ಲೇ ಕಾಟಿ," ಎಂದಳು ಏಕಾಂತಮ್ಮ. "ನಿಮ್ಮನೆ ಹುಳ ಎಲ್ಲಾ ಬಂದು ನಮ್ಮನೇಲಿ ಸಂಸಾರ ಹೂಡವೆ. ನೀನೊಬ್ಳು ಅಲ್ಲಿ ನಿಂತು ಯಾವ ಮನೆ ಕಾಯ್ತೀಯ? ಬಾ."